ಹಂಚಿಹೊಳೆ ಹಿಂದಕ್ಕೆ ಹರಿಯುವ ಜಾಗ

ನಾನು ಒಂದು ಹೊಳೆ. ಬೇಸಿಗೆಯಲ್ಲಿ ನನ್ನನ್ನು ನೋಡಿದವರು ಈ ಮಾತಿಗೆ ನಗುತ್ತಾರೆ, ನಗಲಿ. ಬಯಲುಸೀಮೆಯ ಹುಲ್ಲುಗಾವಲಿನಲ್ಲಿ, ಮೂರು ಗುಂಡುಕಲ್ಲುಗಳು ಒಂದಕ್ಕೊಂದು ಒರಗಿ ನಿಂತ ಕಡೆ, ಎಮ್ಮೆಯ ಮೂತಿಯಷ್ಟಗಲದ ಸೆಲೆಯಲ್ಲಿ ಹುಟ್ಟಿದೆ. ಸುತ್ತ ಕಣ್ಣು ಹಾಯುವವರೆಗೂ ಹಂಚಿಹುಲ್ಲು. ಅದರಿಂದಲೇ ನನಗೆ ಹಂಚಿಹೊಳೆ ಎಂದು ಹೆಸರು. ಮರವಿಲ್ಲ, ಬೆಟ್ಟವಿಲ್ಲ, ದಾರಿ ತೋರಿಸುವವರಿಲ್ಲ. ತಗ್ಗು ಕಂಡ ಕಡೆ ಹೋದೆ. ಕೆಮ್ಮಣ್ಣಿನ ದಿಬ್ಬ ಅಡ್ಡ ಬಂದಾಗ ಪೂರ್ವಕ್ಕೆ ತಿರುಗಿದೆ, ಎರೆಹೊಲಗಳ ಅಂಚು ಹಿಡಿದು ನಡೆದೆ, ಹನ್ನೊಂದು ಹರದಾರಿ ದಾಟಿ ಒಂದು ಕೆರೆ ಸೇರಿದೆ. ದೊಡ್ಡ ನದಿಗಳು ಸಮುದ್ರದ ಸುದ್ದಿ ಹೇಳುತ್ತವಂತೆ. ನನಗೆ ಕೆರೆಯೇ ಸಾಕು.

ಸಂಕ್ರಾಂತಿ ಕಳೆದರೆ ನಾನು ಮರಳಿನ ಕೆಳಗೆ ಇಳಿದುಬಿಡುತ್ತೇನೆ. ಕಂಬಳಿ ಹೊದ್ದವರ ಹಾಗೆ ಒಳಗೊಳಗೇ ಹರಿಯುತ್ತೇನೆ. ಆಗ ಕುರಿ ಸಾಕುವ ಹಟ್ಟಿಯವರು ಬಂದು ಮರಳು ತೋಡಿ ಒರತೆ ಮಾಡಿ ನನ್ನನ್ನು ಮೊಗೆಯುತ್ತಾರೆ. ಹಟ್ಟಿಯ ಹತ್ತಿರ, ಮರಳಿನಡಿಯಲ್ಲಿ ಒಂದು ಕರಿಬಂಡೆ ಅಡ್ಡ ಮಲಗಿದೆ. ನಾನು ಆಚೆ ದಡದ ಮಗ್ಗುಲಲ್ಲಿ ಬಂದು ಅದಕ್ಕೆ ಹಾಯುತ್ತೇನೆ. ದಾರಿ ಸಿಗದೆ, ಹಟ್ಟಿಯವರು ಒರತೆ ತೋಡುವ ಈಚೆ ದಡದ ಮಗ್ಗುಲಲ್ಲಿ ನೂರು ಮಾರು ಹಿಂದಕ್ಕೆ ಬರುತ್ತೇನೆ. ಅಲ್ಲೊಂದು ಬಿರುಕಿದೆ, ಅದರಲ್ಲಿ ನುಸುಳಿ ಮತ್ತೆ ಪೂರ್ವಕ್ಕೆ ಹೊರಡುತ್ತೇನೆ. ಮೇಲೆ ನಿಂತವರಿಗೆ ಇದು ಕಾಣುವುದಿಲ್ಲ. ಮರಳು ಪೂರ್ವಕ್ಕೆ ಇಳಿಜಾರು, ಹೊಳೆಯೂ ಪೂರ್ವಕ್ಕೇ ಅಂದುಕೊಳ್ಳುತ್ತಾರೆ.

ಆ ಹಟ್ಟಿಯಲ್ಲಿ ಬಾಣಂತಿಯನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಸೂತಕ ಕಳೆಯುವವರೆಗೆ ತಾಯಿ ಮಗು ಇಬ್ಬರೂ ದಡದ ಗುಡಿಸಲಿನಲ್ಲಿ. ಅವಳ ಒರತೆ ಬೇರೆ, ಅದೂ ಹಟ್ಟಿಯ ಒರತೆಗಿಂತ ಕೆಳಗೆ, ಅವಳು ಮುಟ್ಟಿದ ನೀರು ದೇವರ ಕೊಡಕ್ಕೆ ಬರಬಾರದೆಂದು. ಲೆಕ್ಕಾಚಾರವೇನೋ ಗಟ್ಟಿ. ನನ್ನನ್ನೊಂದು ಮಾತು ಕೇಳಬೇಕಿತ್ತು.

ಒಂದು ಉರಿಬೇಸಿಗೆಯಲ್ಲಿ ಚಿತ್ತಮ್ಮ ಚೊಚ್ಚಲು ಹೆತ್ತಳು. ಗುಡಿಸಲು ಸೇರಿದ ಮೂರನೆಯ ದಿನದಿಂದ ಅವಳಿಗೆ ಜ್ವರ. ಒರತೆ ನಾಲ್ಕೇ ಹೆಜ್ಜೆ ದೂರದಲ್ಲಿದ್ದುದರಿಂದ ಕೂಸಿಗೆ ನೀರು ಹಾಕಿ, ತಾನೂ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೇಗೋ ಇದ್ದಳು. ಅತ್ತೆ ಜುಂಜಮ್ಮ ಹೊತ್ತುಹೊತ್ತಿಗೆ ಮುದ್ದೆ ತಂದು ದೂರದಲ್ಲಿಟ್ಟು ಹೋಗುತ್ತಿದ್ದಳು. ಜುಂಜಮ್ಮನ ಮೊದಲ ಕೂಸು ಇಂಥದೇ ಗುಡಿಸಲಿನಲ್ಲಿ, ನೀರಿಲ್ಲದ ದಿಬ್ಬದ ಮೇಲೆ ತೀರಿಕೊಂಡಿತ್ತು. ಅದನ್ನು ನನ್ನ ದಡದಲ್ಲೇ ಮಣ್ಣು ಮಾಡಿದ್ದರು. ಅವಳು ಆ ಮಾತು ಎತ್ತಿದ್ದನ್ನು ನಾನು ಕೇಳಿರಲಿಲ್ಲ.

ಸೊಸೆ ಕೂಸಿನ ಸ್ನಾನಕ್ಕೆ ನೀರು ಮೊಗೆದಾಗಲೆಲ್ಲ ಮೇಲಿನ ಹಟ್ಟಿಯ ಒರತೆ ಇಳಿಯುವುದನ್ನು ಮೊದಲು ಕಂಡವಳು ಜುಂಜಮ್ಮನೇ. ಹಟ್ಟಿಯವರು ಎಷ್ಟು ಕೊಡ ತುಂಬಿದರೂ ಸೊಸೆಯ ಒರತೆ ಮಾತ್ರ ಕದಲುತ್ತಿರಲಿಲ್ಲ. ನಾಲ್ಕು ದಿನ ಸುಮ್ಮನೆ ಕುಳಿತು ನೋಡಿದಳು. ಐದನೆಯ ದಿನ ಅವಳಿಗೆ ನನ್ನ ಹಿಮ್ಮುಖದ ದಾರಿ ತಿಳಿದುಹೋಯಿತು. ಹೇಳಿದರೆ ಗುಡಿಸಲು ದಿಬ್ಬಕ್ಕೆ ಹೋಗುತ್ತದೆ, ಹೇಳದಿದ್ದರೆ ದೇವರಿಗೆ ದ್ರೋಹ.

ಅಷ್ಟರಲ್ಲಿ ಪೂಜಾರಿ ಕ್ಯಾತಯ್ಯ ಕೊಡ ಹಿಡಿದು ಬಂದ. ಅವನು ಜುಂಜಮ್ಮನ ಗಂಡನ ಅಣ್ಣ.

"ಯಾಕ್ ಜುಂಜಮ್ಮ, ಒರ್ತೆ ಹಿಂಗ್ ಇಳೀತೈತೆ?"

ಬಿಸಿಲು ಎಂದು ಹೇಳಿ ಪಾರಾಗಬಹುದಿತ್ತು. ಅವಳು ಸುಳ್ಳು ಹೇಳಲಿಲ್ಲ.

"ಭಾವ, ಹೊಳೆ ಇಲ್ಲಿ ಹಿಂದಕ್ ಹರೀತೈತೆ. ಆ ಹುಡ್ಗಿ ಮುಟ್ಟಿದ್ ನೀರೇ ಇಲ್ಲಿಗ್ ಬರೋದು."

ಕ್ಯಾತಯ್ಯನ ಕೈ ಅಲ್ಲೇ ನಿಂತಿತು. "ಹಂಗಾರೆ ಗುಡ್ಲು ಕಿತ್ತು ದಿಬ್ಬದ್ ಮ್ಯಾಲೆ ಹಾಕ್ಬೇಕು."

"ದಿಬ್ಬದ್ ಮ್ಯಾಲೆ ನಾನಿದ್ದೆ ಭಾವ. ಏನಾತು ಅಂತ ನಿಮ್ಗೂ ಗೊತ್ತು."

ಜುಂಜಮ್ಮ ಮರಳಿನ ಮೇಲೆ ನಡೆದು ಸೊಸೆಯ ಒರತೆಗೆ ಹೋದಳು, ಮಂಡಿಯೂರಿದಳು, ಬೊಗಸೆ ತುಂಬ ಮೊಗೆದು ಕುಡಿದಳು. ಆ ಮುದುಕಿಯ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ ಹೇಳಲಾರೆ. ಎದ್ದು ಬಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹನ್ನೆರಡು ದಿನದಿಂದ ದೇವ್ರು ಇದೇ ನೀರು ಮೀಯ್ತೈತೆ. ಮುನ್ಸ್‌ಕಳಂಗಿದ್ರೆ ಇಷ್ಟೊತ್ತಿಗೆ ಮುನ್ಸ್‌ಕಳ್ತಿತ್ತು."

ಗುಡಿಸಲಿನಲ್ಲಿ ಕೂಸು ಅತ್ತಿತು. ಕ್ಯಾತಯ್ಯ ಅತ್ತ ನೋಡಿದ, ಕೊಡ ನೋಡಿದ. ಆಮೇಲೆ ಕೊಡವನ್ನು ಒರತೆಗೆ ಅದ್ದಿ, ತುಂಬಿಕೊಂಡು, ಗುಡಿಯ ಕಡೆ ನಡೆದ. ಯಾರಿಗೂ ಏನೂ ಹೇಳಲಿಲ್ಲ. ಗುಡಿಸಲು ಇದ್ದಲ್ಲೇ ಉಳಿಯಿತು, ಚಿತ್ತಮ್ಮನ ಜ್ವರ ವಾರದಲ್ಲಿ ಇಳಿಯಿತು. ಮುಂದಿನ ವರ್ಷ ಇನ್ನೊಬ್ಬ ಬಾಣಂತಿಗೆ ಗುಡಿಸಲು ಹಾಕುವಾಗ ಕ್ಯಾತಯ್ಯನೇ ಮುಂದೆ ನಿಂತು, ಕೋಲಿನಿಂದ ಹಟ್ಟಿಯ ಒರತೆಯ ಪಕ್ಕದಲ್ಲೇ ಗೆರೆ ಎಳೆದ. ಪದ್ಧತಿ ಹೋಗಲಿಲ್ಲ, ಒಂದಿಷ್ಟು ಹತ್ತಿರ ಬಂತು.

ಈಗ ನನಗೆ ವಯಸ್ಸಾಗಿದೆ. ನನ್ನ ಮರಳು ಲಾರಿ ಹತ್ತಿ ಹೋಯಿತು. ವರ್ಷಕ್ಕೆ ನಾಲ್ಕು ದಿನ ಹರಿದರೆ ಹೆಚ್ಚು. ಜುಂಜಮ್ಮ, ಕ್ಯಾತಯ್ಯ ಇಬ್ಬರೂ ಇಲ್ಲ. ಹಟ್ಟಿಗೆ ನಲ್ಲಿ ಬಂದಿದೆ, ಒರತೆ ತೋಡುವವರಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ, ನೀರು ಸಿಕ್ಕರೆ ಸರಿ.

ಹೋದ ಚೈತ್ರದಲ್ಲಿ ಚಿತ್ತಮ್ಮನ ಸೊಸೆ ಆಸ್ಪತ್ರೆಯಲ್ಲಿ ಹೆತ್ತು ಬಂದಳು. ಆಸ್ಪತ್ರೆಯ ದಾರಿಯಿರುವ ಆಚೆ ದಡದಲ್ಲಿ ಜನ ಸೇರಿ, ಗುಡಿಸಲು ಎಲ್ಲಿ ಹಾಕೋಣ ಎಂದು ಕೇಳುತ್ತಿದ್ದರು. ಚಿತ್ತಮ್ಮ ಮಗುವನ್ನು ಎದೆಗವಚಿಕೊಂಡು, ಸೊಸೆಯ ಕೈ ಹಿಡಿದು, ಎಲ್ಲರ ಮುಂದೆ ನನ್ನನ್ನು ದಾಟಿ ಮನೆಯೊಳಗೆ ನಡೆದಳು. ಅವರ ಕಾಲು ತೊಳೆಯಬೇಕೆಂದು ಎಷ್ಟು ಆಸೆಯಾಯಿತು. ಅಂದು ನನ್ನಲ್ಲಿ ಒಂದು ತೊಟ್ಟೂ ಇರಲಿಲ್ಲ.