ಕ್ಲಾರಿಸ್ ಮನೆಯ ಟೊಳ್ಳು ಗೋಡೆ

ನವೆಂಬರ್ ಬಂತೆಂದರೆ ನಮ್ಮ ಸೇಂಟ್ ಜಾನ್ ನದಿಯ ದಂಡೆಯಲ್ಲಿ ಎಲ್ಲರಿಗೂ ಒಂದೇ ಕೆಲಸ. ಚಳಿಗಾಳಿ ನುಗ್ಗದ ಹಾಗೆ ಮನೆಯ ಬುಡದ ಸುತ್ತ ಫರ್ ಮರದ ಸೊಪ್ಪು ಒಟ್ಟಬೇಕು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೇರ್ ಡ್ರೈಯರ್ ಹಿಡಿದು ಬಿಗಿ ಮಾಡಬೇಕು. ಎದುರುಮನೆಯ ಕ್ಲಾರಿಸ್ ತಿಬಡೋ ಇದರಲ್ಲಿ ಎತ್ತಿದ ಕೈ. ಆದರೂ ಅವಳ ಮನೆ ಬೆಚ್ಚಗಾದದ್ದನ್ನು ನಾನು ಕಾಣೆ. ಮನೆ ಕಾಯಿಸುವ ಯಂತ್ರದಲ್ಲಿ ಹಗಲಿಡೀ ಎಣ್ಣೆ ಉರಿಸಿದರೂ ಅಷ್ಟೇ.

ಗಿರಣಿಗೆ ಹೋಗುವವರ ಆರು ಪುಟ್ಟ ಮಕ್ಕಳನ್ನು ಕ್ಲಾರಿಸ್ ಮನೆಯಲ್ಲೇ ನೋಡಿಕೊಳ್ಳುತ್ತಾಳೆ. ಹೋದ ಮಾರ್ಚ್‌ನಲ್ಲಿ ಶಿಶುಪಾಲನೆಗೆ ಪರವಾನಗಿ ಕೊಡುವ ತಪಾಸಣೆಯವರು ಬಂದರು. ಮುಂದಿನ ಚಳಿಗಾಲಕ್ಕೆ ಮಕ್ಕಳು ಮಲಗುವ ಕೋಣೆ ಬೆಚ್ಚಗಿರದಿದ್ದರೆ ಪರವಾನಗಿ ರದ್ದು ಎಂದು ಹೇಳಿಹೋದರು. ಅವಳ ಇಪ್ಪತ್ತು ವರ್ಷದ ಅನ್ನ ಅದು.

ಹಳೆ ಮನೆಗಳಿಗೆ ನುಗ್ಗುವ ಚಳಿ ತಡೆಯುವುದೇ ನನ್ನ ಕಸುಬು. ಅವರು ಹೋದ ಮರುದಿನ, ಗಾಳಿ ಎಲ್ಲಿಂದ ನುಗ್ಗುತ್ತಿದೆ ನೋಡೋಣ ಎಂದು ಹೇಳಲು ಹೋದರೆ, ಪ್ಲೋಯ್ ರೊಟ್ಟಿ ಬೇಯಿಸುತ್ತಿದ್ದವಳು ನನ್ನ ಮೇಲೇ ತಿರುಗಿಬಿದ್ದಳು.

"ನಮ್ಮಮ್ಮ ಇದೇ ಕಿಟಕಿ ಇಟ್ಕೊಂಡು ಒಂಬತ್ತು ಮಕ್ಕಳನ್ನ ಸಾಕಿದ್ಲು ಕಣೇ ಲೂಸಿಲ್. ನಂಗೆ ಚಳಿ ಪಾಠ ಹೇಳ್ಬೇಡ."

"ನಿಮ್ಮಮ್ಮನ್ನ ಯಾರೂ ಪರವಾನಗಿ ಕೇಳ್ತಿರ್ಲಿಲ್ಲ. ಸುಮ್ನೆ ಬಾ ಇಲ್ಲಿ," ಎಂದು ಒಂದು ಊದುಬತ್ತಿ ಹಚ್ಚಿದೆ.

ಕಿಟಕಿಯ ಹತ್ತಿರ ಹಿಡಿದಾಗ ಹೊಗೆ ಅಡ್ಡಡ್ಡ ಓಡಿತು. ಅದು ಅವಳಿಗೂ ಗೊತ್ತಿದ್ದದ್ದೇ. ಗೋಡೆಯ ಸ್ವಿಚ್ಚಿನ ಹತ್ತಿರ ಹಿಡಿದೆ, ಅಲ್ಲೂ ಓಡಿತು. ಕರೆಂಟ್ ಆರಿಸಿ, ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟರೆ ಗೋಡೆಯ ಹಲಗೆಗಳ ನಡುವೆ ಚಳಿ ತಡೆಯಲು ಏನೂ ತುಂಬಿಲ್ಲ, ಬರೀ ಟೊಳ್ಳು. ಇಷ್ಟು ವರ್ಷ ಎಣ್ಣೆ ಸುಟ್ಟು ಬೀದಿಯನ್ನು ಕಾಯಿಸಿದೆನಲ್ಲಾ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಮರುವಾರ ಒಬ್ಬ ಮಾರಾಟದವನು ಬಂದ. ಹೊರಗೋಡೆಯ ಹಳೆ ಹಲಗೆಯ ಮೇಲೇ ಹೊಸ ಸೈಡಿಂಗ್, ಅಂದರೆ ಹೊರಹೊದಿಕೆಯ ಪಟ್ಟಿ, ಹೊಡೆದುಕೊಡುತ್ತೇನೆ, ಇವತ್ತೇ ಸಹಿ ಹಾಕಿದರೆ ಅರ್ಧ ಬೆಲೆ ಎಂದ. ಒಳಗೆ ಏನು ತುಂಬುತ್ತೀ ಎಂದು ಕ್ಲಾರಿಸ್ ಕೇಳಿದಳು. ತುಂಬುವುದೇನೂ ಬೇಡ, ಮನೆ ಹೊಸದರ ಹಾಗೆ ಕಾಣುತ್ತದೆ ಎಂದ.

"ಮಕ್ಕಳು ಮಲಗೋದು ಗೋಡೆಯಿಂದ ಒಳಗಡೆ ಕಣಪ್ಪಾ. ಹೊರಗಡೆ ಚೆಂದ ಕಂಡ್ರೆ ಅವಕ್ಕೇನು ಬಂತು?"

"ನಾಳೆ ಈ ಬೆಲೆ ಸಿಗಲ್ಲ ಮೇಡಂ."

"ಬೇಡ. ಹೊರಡು."

ಮೂವರು ಗುತ್ತಿಗೆದಾರರ ಹತ್ತಿರ ಖರ್ಚಿನ ಲೆಕ್ಕವನ್ನು ಬರಹದಲ್ಲಿ ಕೇಳಿದೆವು. ಊರ ಕಚೇರಿಯಲ್ಲಿ ಸಹಾಯಧನಕ್ಕೆ ಅರ್ಜಿ ಕೊಟ್ಟೆವು. ಸಿಕ್ಕ ಹಣಕ್ಕೆ ಒಂದೇ ಗೋಡೆ ಆಗುತ್ತಿತ್ತು, ಮಕ್ಕಳ ಕೋಣೆಯದು. ನಾವು ಆರಿಸಿದ ಗುತ್ತಿಗೆದಾರರು ಹಳೆ ಹಲಗೆ ಕಿತ್ತು, ಕೊಳೆತದ್ದನ್ನು ಬದಲಿಸಿ, ಟೊಳ್ಳಿಗೆ ಚಳಿ ತಡೆಯುವ ಹತ್ತಿಯಂಥ ನಾರು ತುಂಬಿ, ಜೋಡಿ ಗಾಜಿನ ಕಿಟಕಿ ಕೂರಿಸಿ, ಆಮೇಲೆ ಹೊಸ ಸೈಡಿಂಗ್ ಹೊಡೆದರು. ಮನೆಯ ಉಳಿದ ಸಂದುಗಳನ್ನು ನಾವಿಬ್ಬರೇ ಮುಚ್ಚಿದೆವು. ಅರ್ಧ ಗಡ್ಡ ಬೋಳಿಸಿದ ಹಾಗಿದೆ ಎಂದು ಬೀದಿಯವರು ನಕ್ಕರು. ನಗಲಿ ಎಂದಳು ಕ್ಲಾರಿಸ್.

ಜನವರಿಯಲ್ಲಿ ತಪಾಸಣೆಯವರು ಮತ್ತೆ ಬಂದರು. ಹೊರಗೆ ಉಗುಳಿದರೆ ಹೆಪ್ಪುಗಟ್ಟುವ ಚಳಿ. ಒಳಗೆ ಆರೂ ಮಕ್ಕಳು ಹೊದಿಕೆ ಒದ್ದು ಮಲಗಿದ್ದವು. ಅಧಿಕಾರಿ ಪರವಾನಗಿಗೆ ಮುದ್ರೆ ಒತ್ತಿದರು. ಎರಡು ವಾರಕ್ಕೊಮ್ಮೆ ಬರುತ್ತಿದ್ದ ಎಣ್ಣೆ ಲಾರಿ ಈಗ ಮೂರು ವಾರಕ್ಕೊಮ್ಮೆ ಬರುತ್ತಿದೆ.

"ಇನ್ನೂ ಮೂರು ಗೋಡೆ ಬಾಕಿ ಇದೆ. ಒಂದನ್ನೂ ಬಿಡಲ್ಲ," ಎನ್ನುತ್ತಾಳೆ ಕ್ಲಾರಿಸ್.

ಚಳಿ ನಮ್ಮ ಹಣೆಬರಹ ಎಂದು ಕೈಕಟ್ಟಿ ಕೂರಬೇಡಿ, ಅಕ್ಕಂದಿರೇ, ಅಣ್ಣಂದಿರೇ. ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಮೊದಲು ನೋಡಿ. ಗೋಡೆಯೊಳಗೆ ಏನು ತುಂಬುತ್ತೀರಿ ಎಂದು ಕೇಳದೆ ಯಾರ ಕಾಗದಕ್ಕೂ ಸಹಿ ಹಾಕಬೇಡಿ. ಎಲ್ಲವೂ ಒಟ್ಟಿಗೆ ಆಗದಿದ್ದರೆ ಒಂದೇ ಗೋಡೆ ಮಾಡಿ. ಆದರೆ ಈ ವರ್ಷವೇ ಮಾಡಿ.