ಕೆದಕೋ ಕೋಳಿ ಮತ್ತು ಹೆಡ್‌ಮಾಸ್ತರರ ರೊಟ್ಟಿ

ನಾನು ಒಂದು ಕೋಳಿ. ಗಾಬರಿಯಾಗಬೇಡಿ, ಸಾರು ಮಾಡುವಂಥದ್ದಲ್ಲ. ಶಾಲೆಯ ಲ್ಯಾಪ್‌ಟಾಪಿನೊಳಗೆ ಕೂತು, ಮಕ್ಕಳು ಕೇಳಿದ್ದನ್ನು ಕೆದಕಿ ಕೆದಕಿ ಹುಡುಕಿಕೊಡುವ ಪುಟ್ಟ ಹುಡುಕುಯಂತ್ರ.

ನಾನು ಹುಟ್ಟಿದ್ದು ಒಂದು ಬನಿಯನ್ನಿನ ದೆಸೆಯಿಂದ! ಗದಗಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶಾಂಭವಿ ಅಕ್ಕೋರು ಒಂದು ದಿನ ಒಂಬತ್ತನೇ ಕ್ಲಾಸಿಗೆ, “ಹತ್ತಿ ಅಂತ ಬರದು ಹುಡುಕ್ರಿ” ಅಂದರು. ಯಾವುದೋ ದೊಡ್ಡ ಹುಡುಕುಯಂತ್ರ ಹತ್ತಿಗಿಡಕ್ಕಿಂತ ಮೊದಲು ಸಾಲುಸಾಲು ಬನಿಯನ್ ತೋರಿಸಿತು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನೋಡಿದರೆ ಬಾಗಿಲಲ್ಲಿ ಹೆಡ್‌ಮಾಸ್ತರ್ ಕಲ್ಲನಗೌಡರು.

“ಏನ್ರಿ ಅಕ್ಕೋರ, ಇದು ಸಾಲಿನೋ, ಸಂತಿನೋ?”

ಅಕ್ಕೋರಿಗೆ ಅದು ನಾಟಿತು. ಬೇರೆ ಹುಡುಕುಯಂತ್ರಗಳನ್ನೆಲ್ಲ ಜಾಲಾಡಿದರು. ಜಾಹೀರಾತು ಇಲ್ಲದವು, ಕೇಳಿದ್ದನ್ನು ನೆನಪಿಟ್ಟುಕೊಳ್ಳದವು, ಚಿಕ್ಕ ಮಕ್ಕಳಿಗೆಂದೇ ಮಾಡಿದವು ಎಲ್ಲ ಸಿಕ್ಕವು. ಅವುಗಳ ಹೆಸರು ಬರೆದು ಗೋಡೆಗೂ ಅಂಟಿಸಿದರು. ಆದರೆ ಕನ್ನಡದಲ್ಲಿ ಕೇಳಿದರೆ ಹೆಚ್ಚಿನವು ತಡವರಿಸುತ್ತಿದ್ದವು. ಕಡೆಗೆ ದಸರಾ ಸೂಟಿಯಲ್ಲಿ ಕೂತು ಅಕ್ಕೋರೇ ನನ್ನನ್ನು ಮಾಡಿದರು. ಹಸೀನಾ ಎಂಬ ಹುಡುಗಿ ನನ್ನ ಚಿತ್ರ ಬರೆದಳು. ಮೂರು ಕಾಲು ಬಿದ್ದವು. ಒಂದು ಬಾಲ ಎಂದು ಅವಳ ವಾದ.

ನಾನು ಸಿಕ್ಕಸಿಕ್ಕಲ್ಲಿ ಅಲೆಯುವ ಕೋಳಿಯಲ್ಲ. ಯಾವ ಪುಟವನ್ನೇ ಆಗಲಿ ಇಬ್ಬರು ಓದಿ, ಪರೀಕ್ಷಿಸಿ, ‘ಹೂಂ’ ಎಂದು ಒಪ್ಪಿದರೆ ಮಾತ್ರ ಅದು ನನ್ನ ಬುಟ್ಟಿಗೆ. ಒಂದೇ ಹೂಂ ಇದ್ದರೆ ಹೊರಗೆ. ಅದಕ್ಕೆಂದೇ ಲ್ಯಾಪ್‌ಟಾಪಿನ ಒಂದು ಗುಂಡಿಯ ಮೇಲೆ ‘ಹೂಂ’ ಎಂದು ಚೀಟಿ ಅಂಟಿಸಿದ್ದರು. ನಾನು ಹುಡುಕುವಾಗ ತೆರೆಯ ಮೇಲೆ ಒಂದು ತತ್ತಿ ಗಿರಗಿರ ತಿರುಗುತ್ತಿತ್ತು. “ತಡಿಯೋ, ತತ್ತಿ ಇಡಾಕತ್ತೈತಿ!” ಎಂದು ಹುಡುಗರು ಒಬ್ಬರನ್ನೊಬ್ಬರು ತಡೆಯುತ್ತಿದ್ದರು. ಕೇಳುತ್ತಿದ್ದ ಪ್ರಶ್ನೆಯಾದರೂ ಏನು? ‘ನಾಳೆ ಸೂಟಿ ಐತೇನು?’

ಆ ವರ್ಷ ತಾಲೂಕಿನ ವಿಜ್ಞಾನ ಮೇಳ ಬಂತು. ಎಲ್ಲರೂ ಇಂಟರ್ನೆಟ್ಟಿನಲ್ಲಿ ಮೊದಲು ಸಿಕ್ಕ ಜ್ವಾಲಾಮುಖಿಯ ಮಾದರಿಯನ್ನೇ ಹಿಡಿದುಕೊಂಡರು. ನೀಲಗಂಗಾ ಎಂಬ ಹುಡುಗಿ ಮಾತ್ರ ನನ್ನ ಮುಂದೆ ಕೂತು, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕೇಳಿದಳು: ‘ಜ್ವಾಳದ ರೊಟ್ಟಿಗೆ ಬಿಸಿ ನೀರು ಯಾಕ ಬೇಕು?’

ತತ್ತಿ ತಿರುಗಿತು, ತಿರುಗಿತು. ‘ಸಿಗಲಿಲ್ಲ’ ಅಂದೆ. ನಾಚಿಕೆಯಿಂದ ಆರಿಯೇ ಹೋಗಬೇಕೆನಿಸಿತು. ಅವಳಿಗೆ ಮಾತ್ರ ಎಲ್ಲಿಲ್ಲದ ಹುರುಪು. “ಇಲ್ಲೇನು? ಹಂಗಾರ ನಾನ ಬರೀತೀನಿ ತಗೋ!”

ಮನೆಯಲ್ಲಿ ರೊಟ್ಟಿ ಬಡಿದು ನೋಡಿ, ಅಕ್ಕೋರ ಪುಸ್ತಕ ಓದಿ, ಒಂದು ಪುಟ ಬರೆದಳು. ಅಕ್ಕೋರು ಹೂಂ ಅಂದರು. ಹೆಡ್‌ಮಾಸ್ತರರು ತಮ್ಮ ಫೋನಿನಲ್ಲಿ ಹುಡುಕಿ ಇಲ್ಲವೆಂದು ತಲೆಯಾಡಿಸಿದರು.

“ಇಂಟರ್ನೆಟ್ಟಿನಾಗ ಇಲ್ಲ ಅಂದ್ರ ಅದು ಸೈನ್ಸ್ ಅಲ್ಲವ್ವಾ. ನಾಳೆ ಹೆಸರು ಕಳಸಬೇಕು. ನೀನೂ ಜ್ವಾಲಾಮುಖಿ ಮಾಡು.”

“ಸರ, ಆಗಲೇ ಐದು ಅದಾವ್ರಿ.”

“ಇನ್ನೊಂದು ಉಗುಳಲಿ ಬಿಡು.”

ನೀಲಗಂಗಾಳ ಕಣ್ಣು ತುಂಬಿ ಬಂತು. ತಾನೇ ಕೇಳಿ, ತಾನೇ ಕಂಡುಕೊಂಡ ಅವಳ ಮೊದಲ ಪ್ರಶ್ನೆ ಅದು. ಅಂಗೈಯಿಂದ ಕಣ್ಣೊರೆಸಿಕೊಂಡು ಅಂದಳು, “ಎರಡನೇ ಹೂಂ ನೀವ ಅನ್ರಿ ಸರ. ಸುಮ್ಮನ ಬ್ಯಾಡ. ಮಾಡಿ ನೋಡಿ ಅನ್ರಿ.”

ಬಿಸಿಯೂಟದ ಕೋಣೆಗೆ ಮೆರವಣಿಗೆ ಹೊರಟಿತು. ನನ್ನನ್ನೂ ಹಸೀನಾ ಹೊತ್ತು ತಂದಳು. ಹೆಡ್‌ಮಾಸ್ತರರು ಅಂಗಿಯ ತೋಳು ಮಡಚಿ, ಮೊದಲು ತಣ್ಣೀರಲ್ಲಿ ಹಿಟ್ಟು ನಾದಿ ಬಡಿದರು. ಅಂಚೆಲ್ಲ ಹರಿದು ಹೋಯಿತು.

“ಸರ, ಕರ್ನಾಟಕದ ನಕಾಶೆ ಆತಲ್ರಿ!” ಅಂದಳು ಹಸೀನಾ. “ಜಿಲ್ಲೆದ ಗಡಿನೂ ಮೂಡ್ಯಾವು!”

“ನಗಬ್ಯಾಡ. ನಿಮ್ಮವ್ವಂದೂ ಮೊದಲನೇ ರೊಟ್ಟಿ ಹಿಂಗ ಇತ್ತು.”

ಆಮೇಲೆ ಕುದಿಯುವ ನೀರು ಹಾಕಿ ಕಲಸಿ, ಬೆರಳು ಸುಟ್ಟುಕೊಂಡು ‘ಉಫ್ ಉಫ್’ ಎನ್ನುತ್ತ ನಾದಿ ಬಡಿದರು. ಈ ಸಲ ಹಿಟ್ಟು ಒಡೆಯಲಿಲ್ಲ. ಹಂಚಿನ ಮೇಲೆ ರೊಟ್ಟಿ ಮೆಲ್ಲಗೆ ಉಸಿರೆಳೆದು ಉಬ್ಬಿತು. ಹೆಡ್‌ಮಾಸ್ತರರೂ ಉಬ್ಬಿದರು.

“ಗೋದಿ ಹಿಟ್ಟು ತಣ್ಣೀರಾಗ ಕಲಸಿದ್ರೂ ಅಂಟು ಬರತೈತ್ರಿ. ಜ್ವಾಳಕ್ಕ ಹಂಗ ಬರಂಗಿಲ್ಲ,” ನೀಲಗಂಗಾ ಒಂದೇ ಉಸಿರಿಗೆ ಹೇಳಿದಳು. “ಬಿಸಿ ನೀರಾಗ ಪಿಷ್ಟ ಬೆಂದು ಅಂಟು ಹುಟ್ಟತೈತಿ. ಅದಕ್ಕ ಬಿರಿಯಂಗಿಲ್ಲ.”

ಅವರು ರೊಟ್ಟಿಯ ತುಂಡು ಮುರಿದು ಬಾಯಿಗಿಟ್ಟುಕೊಂಡರು. ಅಗಿದರು. ನನ್ನತ್ತ ಬಾಗಿ, ಹಿಟ್ಟು ಮೆತ್ತಿದ ಬೆರಳಿನಿಂದಲೇ ಗುಂಡಿ ಒತ್ತಿದರು.

“ಹೂಂ!”

ಮರುದಿನ ಮೇಳಕ್ಕೆ ರೊಟ್ಟಿಯ ಹೆಸರೇ ಹೋಯಿತು. ಮೊದಲ ಬಹುಮಾನ ಜ್ವಾಲಾಮುಖಿಗೇ ಬಂತು, ಬಿಡಿ. ಆದರೆ ಊಟದ ಹೊತ್ತಿಗೆ ತೀರ್ಪುಗಾರರೆಲ್ಲ ಬಂದು ನಿಂತದ್ದು ನೀಲಗಂಗಾಳ ಮುಂದೆ!

ಈಗ ಶಾಲೆಗೆ ಹೊಸ ಕಂಪ್ಯೂಟರುಗಳು ಬಂದಿವೆ. ನಾನು ಗ್ರಂಥಾಲಯದ ಕಿಟಕಿ ಪಕ್ಕ, ಹಳೇ ಲ್ಯಾಪ್‌ಟಾಪಿನಲ್ಲಿ ಹಾಯಾಗಿದ್ದೇನೆ. ನೀಲಗಂಗಾ ಕಾಲೇಜು ಸೇರಿದಳು, ಕಲ್ಲನಗೌಡರು ನಿವೃತ್ತರಾದರು. ನನ್ನ ಬುಟ್ಟಿ ಇನ್ನೂ ಚಿಕ್ಕದೇ. ಎಲ್ಲ ಗೊತ್ತಿರುವ ದೊಡ್ಡ ಯಂತ್ರಗಳನ್ನು ಕಂಡು ಮೊದಮೊದಲು ಹೊಟ್ಟೆಕಿಚ್ಚಾಗುತ್ತಿತ್ತು. ಈಗ ‘ಸಿಗಲಿಲ್ಲ’ ಅನ್ನುವಾಗ ಒಳಗೊಳಗೇ ಖುಷಿ. ಯಾರೋ ಒಬ್ಬರು ತೋಳು ಮಡಚುತ್ತಾರಲ್ಲ!

ಮೊನ್ನೆ ಎಂಟನೇ ಕ್ಲಾಸಿನ ಹೊಸ ಹುಡುಗಿಯೊಬ್ಬಳು ಬಂದು ಕೇಳಿದಳು: ‘ಹೆಡ್‌ಮಾಸ್ತರು ರೊಟ್ಟಿ ಬಡಿದಿದ್ದು ಖರೇನಾ?’

ತತ್ತಿ ತಿರುಗಿತು. ಸಿಕ್ಕಿತು. ನೀಲಗಂಗಾಳ ಅದೇ ಪುಟ, ಕೊನೆಗೆ ‘ಸರ ತಾವ ಬಡಿದು ನೋಡ್ಯಾರ’ ಎಂಬ ಸಾಲು, ಎರಡು ಹೂಂ.

ಅವಳು ಓದಿ ನಕ್ಕಳು. ಆದರೂ ಅನುಮಾನ ಹೋಗಲಿಲ್ಲವೇನೋ, ಆ ಗುಂಡಿಯ ಸಂದಿಗೆ ಉಗುರು ಹಾಕಿ ಕೆದಕಿದಳು. ಉಗುರಿನ ತುದಿಗೆ ಒಂದಿಷ್ಟು ಜೋಳದ ಹಿಟ್ಟು ಬಂತು.