ಕುರಿದೊಡ್ಡಿಯ ದೇವರು

ಕಾವೇರಕ್ಕ ವರುಣಾ ನದಿ ದಾಟುವುದಿಲ್ಲ. ಕಾಶಿಗೆ ಬಂದು ಎಷ್ಟೋ ವರ್ಷವಾಯಿತು, ನಮ್ಮ ಭೇಲೂಪುರದಿಂದ ಸಾರನಾಥಕ್ಕೆ ಆಟೋ ಬೇಕಾದಷ್ಟಿವೆ, ಆದರೂ ಒಲ್ಲರು. ಕಾಶಿಯ ಎಲ್ಲೆ ವರುಣೆಗೇ ಮುಗಿಯುತ್ತದಂತೆ. ಆಚೆ ಐಸ್‌ಕ್ರೀಮ್ ತಿನ್ನುತ್ತಿರುವಾಗ ಜೀವ ಹೋದರೆ ಮುಕ್ತಿ ತಪ್ಪಿತಂತೆ. ಸಾಯಲೆಂದೇ ಬಂದವರು ಸಾವಿಗೆ ಇಷ್ಟು ಹೆದರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ತಾರಾದೇವಿ, ನಿವೃತ್ತ ಇಂಗ್ಲಿಷ್ ಮೇಡಂ, ಅವರ ಜೊತೆ ಒಂದೇ ಬಾಡಿಗೆ ಮನೆಯಲ್ಲಿರುವವಳು. ನಾನೂ ವಿಧವೆಯೇ, ಆದರೆ ಐಸ್‌ಕ್ರೀಮ್ ಎಲ್ಲಿ ಸಿಕ್ಕರೂ ತಿನ್ನುತ್ತೇನೆ.

ಈ ಶ್ರಾವಣದಲ್ಲಿ, ಯಾತ್ರಿಕರು ಇಳಿದುಕೊಳ್ಳುವ ನಮ್ಮವರ ಮಠದ ಕೋಣೆಗಳೆಲ್ಲ ತುಂಬಿಹೋಗಿ, ಅಲ್ಲಿಯ ಮ್ಯಾನೇಜರ್ ಪ್ರಭುಲಿಂಗಯ್ಯನವರು ಒಬ್ಬ ಇಂಗ್ಲಿಷ್ ಮುದುಕಿಯನ್ನು ನಮ್ಮ ಮನೆಗೆ ಸಾಗಹಾಕಿದರು. ಹೆಸರು ಹಿಲ್ಡಾ. ಇಂಗ್ಲೆಂಡಿನ ಉತ್ತರದ ತುದಿಯಲ್ಲಿ, ಹಿಂದೆ ರೋಮನ್ನರು ಕಟ್ಟಿಸಿದ ಉದ್ದನೆಯ ಗೋಡೆಯ ಪಕ್ಕ ಅವಳ ಹಳ್ಳಿ. ಒಂದು ಚರ್ಚು, ಒಂದು ಪಬ್ಬು, ಮಿಕ್ಕಿದ್ದೆಲ್ಲ ಕುರಿ. ಅವಳ ಇಂಗ್ಲಿಷ್ ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಒಂದಕ್ಷರ ಬಾರದ ಕಾವೇರಕ್ಕ ಮಾತ್ರ ರೊಟ್ಟಿ ಬಡಿಯುತ್ತ, ಎಲ್ಲ ತಿಳಿದವರ ಹಾಗೆ ತಲೆಯಾಡಿಸುತ್ತಿದ್ದರು.

ತಮ್ಮ ಹಳ್ಳಿಯ ಅರ್ಧ ಮನೆಗಳು ಆ ಗೋಡೆಯಿಂದ ಕದ್ದ ಕಲ್ಲಿನವು ಎಂದಳು ಹಿಲ್ಡಾ. ನಾನು ಕನ್ನಡಕ್ಕೆ ತಂದು ಹೇಳಿದೆ.

ಕಾವೇರಕ್ಕನ ಕೈ ನಿಂತಿತು. "ಕಳುವಿನ ಕಲ್ಲೇನು? ನಮ್ಮೂರಾಗೂ ಹಂಗ. ಹಳೀ ಕ್ವಾಟಿ ಕಲ್ಲು ತಂದು ಹಿತ್ತಲಗ್ವಾಡಿ ಕಟ್ಟೀವಿ. ಕೇಳು, ಇವರಿಗೆ ಯಾರೂ ಬಯ್ಯಲಿಲ್ಲೇನಂತ."

ಬೈದರು, ನೂರಾರು ವರ್ಷ ತಡವಾಗಿ ಎಂದಳು ಹಿಲ್ಡಾ. ಕಳ್ಳರ ಊರಿನ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಆಮೇಲೆ ಹಿಲ್ಡಾ ಫೋನಿನಲ್ಲಿ ತನ್ನ ಕುರಿದೊಡ್ಡಿಯ ಗೋಡೆ ತೋರಿಸಿದಳು. ನಡುವಿನ ಕಲ್ಲೊಂದರಲ್ಲಿ ಪುಟ್ಟ ದೇವರು, ತಲೆಕೆಳಗಾಗಿ. ಕಟ್ಟಿದವನಿಗೆ ಕಲ್ಲು ಕೂತರೆ ಸಾಕಾಗಿತ್ತು. ಯಾವ ದೇವರೋ ಯಾರಿಗೂ ಗೊತ್ತಿಲ್ಲ. ನೆಟ್ಟಗೆ ನೋಡೋಣವೆಂದು ಕಾವೇರಕ್ಕ ಫೋನು ತಿರುಗಿಸಿದರೆ, ಅದು ಚಿತ್ರವನ್ನೂ ತಿರುಗಿಸಿ ದೇವರನ್ನು ಮತ್ತೆ ತಲೆಕೆಳಗು ಮಾಡಿತು. ಅವರು ಮತ್ತೆ ತಿರುಗಿಸಿದರು. ಕೊನೆಗೆ ತಾವೇ ಕತ್ತು ಓರೆ ಮಾಡಿ ನೋಡಿದರು.

"ಇವಂಗ ನೀರು ಯಾರು ಹಾಕ್ತಾರ?"

"ಮಳೆ," ಎಂದಳು ಹಿಲ್ಡಾ. "ಮುಂದಿನ ಬೇಸಿಗೆಗೆ ಬಂದು ನೀವೇ ಹಾಕಿ."

ಅದನ್ನು ಯಾಕಾದರೂ ಕನ್ನಡದಲ್ಲಿ ಹೇಳಿದೆನೋ. ಕಾವೇರಕ್ಕನ ಹತ್ತಿರ ಕಾಶಿಗೆ ಬರುವ ಮೊದಲು ಮಾನಸ ಸರೋವರಕ್ಕೆಂದು ಮಾಡಿಸಿದ ಪಾಸ್‌ಪೋರ್ಟಿತ್ತು, ಹೊರಡುವ ಆಸೆಗೆ ಅದೊಂದು ನೆಪ. ಊಟಕ್ಕೆ ಕೂತರೆ ದೇವರು, ಬಟ್ಟೆ ಒಣಹಾಕಿದರೆ ದೇವರು. ನಡುನಡುವೆ "ಅಲ್ಲೇ ಸತ್ತರ?" ಎಂದು ತಮ್ಮನ್ನೇ ಕೇಳಿಕೊಂಡು ಮುಖ ಸಣ್ಣ ಮಾಡುವರು.

ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಘಾಟಿಗೆ ಎಳೆದುಕೊಂಡು ಹೋದರು. ಕಾಶಿಗೆ ಬಂದವರು ತಮಗೆ ತೀರ ಇಷ್ಟವಾದದ್ದೊಂದನ್ನು ಇಲ್ಲಿ ಬಿಡಬೇಕು. ಕಾವೇರಕ್ಕ ಬಂದ ಹೊಸತರಲ್ಲಿ ಹಾಗಲಕಾಯಿ ಬಿಟ್ಟಿದ್ದರು. ಅದನ್ನವರು ಹುಟ್ಟಿದಾರಭ್ಯ ತಿಂದವರಲ್ಲ. ಈಗ ಸಂಕಲ್ಪ ಮಾಡಿಸುವ ಮಠದ ಸಂಗಯ್ಯನವರ ಮುಂದೆ, ಹೊಸದಾಗಿ ಬಿಡುತ್ತೇನೆಂದು ಕೂತರು.

"ಏನ್ ಬಿಡ್ತೀರಿ, ಅವ್ವಾರ?"

ದಿನವೂ ಏರಿಸುವ ನಶ್ಯ ಬಿಡುತ್ತಾರೆಂದುಕೊಂಡೆ.

"ಕಾಶ್ಯಾಗ ಸಾಯಬೇಕಂತ ಆಸೆ ಇತ್ತಲ್ರಿ, ಅದನ್ನ ಬಿಟ್ಟೆ. ಅದಕಿಂತ ಪ್ರೀತೀದು ನನ್ನ ಹಂತ್ಯಾಕ ಏನೂ ಇಲ್ಲ," ಎಂದು ಬೊಗಸೆಯ ನೀರನ್ನು ಗಂಗೆಗೆ ಬಿಟ್ಟೇಬಿಟ್ಟರು.

ಸಂಗಯ್ಯನವರು ಕಣ್ಣು ಕಣ್ಣು ಬಿಟ್ಟರು. "ಹಂಗ ಬಿಡಾಕ ಬರ್ತೈತೋ ಇಲ್ಲೋ, ನಂಗೊತ್ತಿಲ್ರಿ."

"ಬಿಟ್ಟಾತಲ್ರಿ."

ನನಗೆ ಕೆಟ್ಟ ಸಿಟ್ಟು ಬಂತು. ನಾನು ಸಾಯುವಾಗ ಬಾಯಿಗೆ ನೀರು ಬಿಡುವವರು ಇವರೇ ಎಂದು ನಂಬಿ ಕೂತಿದ್ದೆ. ಇವರು ಕುರಿದೊಡ್ಡಿಗೆ ಹೊರಟು ನಿಂತರು. ಅಳುವೂ ಬಂತು, ಗಂಗೆಯ ನೀರು ಮುಖಕ್ಕೆ ಎರಚಿಕೊಂಡು ಅದನ್ನು ಮುಚ್ಚಿಟ್ಟೆ.

"ಮೊದಲ ಸಾರನಾಥಕ್ಕ ನಡೀರಿ," ಎಂದರು ಕಾವೇರಕ್ಕ. "ಅಷ್ಟಕ್ಕ ಜೀವ ತಡೀತೈತೇನು ನೋಡೂಣು, ಆಮ್ಯಾಲ ವಿಲಾಯ್ತಿ."

ಆಟೋ ವರುಣೆಯ ಸೇತುವೆ ಹತ್ತಿದಾಗ ಅವರು ನಮ್ಮಿಬ್ಬರ ಕೈಗಳನ್ನೂ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದರು. ಇದೂ ಒಂದು ಪದ್ಧತಿಯೆಂದುಕೊಂಡು ಹಿಲ್ಡಾಳೂ ಮುಚ್ಚಿದಳು.

"ದಾಟಿತೇನು?"

"ದಾಟಿತ್ರೀ ಅಕ್ಕಾ."

ಕಣ್ಣು ಬಿಟ್ಟು ಹೊರಗೆ ನೋಡಿದರು. ಬಿಟ್ಟುಬಂದ ದಡದಂಥವೇ ಅಂಗಡಿ, ಅಂಥವೇ ದನ, ಅದೇ ಧೂಳು. "ಇಷ್ಟ ಏನು," ಎಂದವರು ನಗತೊಡಗಿದರು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಡ್ರೈವರನ ಬೆನ್ನು ತಟ್ಟಿ, "ಭೈಯಾ, ಜರಾ ತೇಜ್ ಚಲಾವೊ," ಎಂದು ಆಟೋ ಜೋರಾಗಿ ಓಡಿಸಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಾರಾ, ನಿನ್ನ ಪಾಸ್‌ಪೋರ್ಟ್ ಎಲ್ಲೈತಿ?"

ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ. ಮಾಡಿಸಬೇಕು ಎಂದೆ.